ತೊಟ್ಟಿಯಲ್ಲಿ ಪರೀಕ್ಷಿಸಿದ ದೋಣಿಯ ಮೋಟಾರು

ಟಿ. ದಾಸರಹಳ್ಳಿಯಲ್ಲಿ ತುಮಕೂರು ರಸ್ತೆಯಿಂದ ಎರಡು ತಿರುವು ಒಳಗೆ ಹೋದರೆ ಮಂಜೂರ್ ಅವರ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಮೋಟಾರಿನ ಒಳಗಿನ ತಾಮ್ರದ ತಂತಿಯನ್ನು ಕಿತ್ತು, ಹೊಸ ತಂತಿಯನ್ನು ಕೈಯಿಂದ ಸುತ್ತಿ ಕೂರಿಸುವುದು ಅವರ ಕೆಲಸ. ಮೂವತ್ತನಾಲ್ಕು ವರ್ಷದಿಂದ ಎಂದು ಅವರು ಹೇಳುತ್ತಾರೆ. ಮೂವತ್ತಾರು ಎಂದು ಅವರ ಹೆಂಡತಿ ಅಕ್ಬರಿ ಹೇಳುತ್ತಾರೆ. ಅಂಗಡಿ ತೆರೆದದ್ದು ಅವರ ಮದುವೆಯ ವರ್ಷವೇ ಆದ್ದರಿಂದ ಅಕ್ಬರಿಯವರ ಲೆಕ್ಕ ಸರಿ ಇರಬೇಕು.

ಈಗ ಮಂಜೂರ್ ಅವರಿಗೆ ಅರವತ್ತೊಂದು. ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ತಂತಿಗೆ ಬಳಿಯುವ ವಾರ್ನಿಷ್ ವಾಸನೆ ಕುಡಿದು ಕುಡಿದು ಬೆಳಗ್ಗೆ ಎದ್ದಾಗ ಕೆಮ್ಮು ಬರುತ್ತದೆ. ಕೆಲಸವೂ ಮೊದಲಿನಂತಿಲ್ಲ. ಸುಟ್ಟ ಮೋಟಾರನ್ನು ಕಟ್ಟಿಸುವುದಕ್ಕಿಂತ ಹೊಸದನ್ನು ತರುವುದೇ ಸುಲಭ ಎಂದು ಜನ ಎಸೆದುಬಿಡುತ್ತಾರೆ. ಅಂಗಡಿ ಮುಚ್ಚುವ ಮಾತನ್ನು ಅವರು ಎರಡು ಸಲ ಆಡಿದ್ದರು. ಎರಡು ಸಲವೂ ಮರುದಿನ ಅದೇ ಹೊತ್ತಿಗೆ ಹೋಗಿ ಬಾಗಿಲು ತೆಗೆದಿದ್ದರು.

ಕಳೆದ ವರ್ಷ ಅಲ್ಲಾಳಸಂದ್ರದಿಂದ ಮನೋಹರ್ ಎಂಬವರು ಬಂದರು. ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಮಲ್ಪೆಯಿಂದ ಒಂದು ಹಳೆಯ ಫೈಬರ್ ದೋಣಿ ತಂದು, ಮನೆ ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಚಪ್ಪರ ಹಾಕಿ ನಿಲ್ಲಿಸಿಕೊಂಡಿದ್ದರು. ಇಪ್ಪತ್ತಾರು ಅಡಿ ಉದ್ದ. ಒಳಗೆ ಒಲೆ, ಎರಡು ಹಾಸಿಗೆ. ಅದನ್ನು ಕಾರವಾರಕ್ಕೆ ಸಾಗಿಸಿ, ಕಾಳಿ ನದಿಯಲ್ಲಿ ಹೆಂಡತಿಯೊಂದಿಗೆ ಮೇಲಕ್ಕೆ ಹೋಗಿ, ದೋಣಿಯಲ್ಲೇ ಮಲಗಿ ಎದ್ದು ವಾಪಸ್ ಬರಬೇಕು ಎಂಬುದು ಅವರ ಆಸೆ.

"ಮಂಜೂರ್ ಭಾಯ್, ಡೀಸೆಲ್ ಎಂಜಿನ್ ಕಿತ್ತು ಹಾಕ್ಬಿಟ್ಟೆ. ನಮ್ಮನೆಯವ್ರಿಗೆ ಆ ವಾಸನೆ ಬಂದ್ರೆ ವಾಂತಿ. ಈಗ ಎರಡು ದಾರಿ. ಒಂದು, ಬರೀ ಬ್ಯಾಟರಿ, ಮೋಟಾರು. ಇನ್ನೊಂದು ಹೈಬ್ರಿಡ್. ಬ್ಯಾಟರಿ ಜೊತೆಗೆ ಅದನ್ನ ಚಾರ್ಜ್ ಮಾಡೋಕೆ ಒಂದು ಚಿಕ್ಕ ಡೀಸೆಲ್ ಜನರೇಟರ್."

"ಹೈಬ್ರಿಡ್ ಆದ್ರೆ ಜನರೇಟರ್ ಎಲ್ಲಿ ಇಡ್ತೀರಾ ಸಾರ್?"

"ಅದೇ ಕಷ್ಟ. ಹಿಂದಗಡೆ ಹಾಸಿಗೆ ಕಿತ್ತೇ ಇಡ್ಬೇಕು. ಹೋಗಿ ಬರೋಕೆ ಐದು ಗಂಟೆ ಮೋಟಾರು ಓಡ್ಬೇಕು. ನಡುವೆ ಪ್ಲಗ್ ಹಾಕೋಕೆ ಎಲ್ಲೂ ಜಾಗ ಇಲ್ಲ. ನಿಮ್ಮ ಮೋಟಾರು ಬ್ಯಾಟರಿ ಮೇಲೇ ಐದು ಗಂಟೆ ಓಡಿದ್ರೆ ಹಾಸಿಗೆ ಉಳಿಯುತ್ತೆ. ಓಡ್ಲಿಲ್ಲ ಅಂದ್ರೆ ಕೊಚ್ಚಿಯಿಂದ ಮೋಟಾರು ಜನರೇಟರ್ ಎರಡೂ ಸೇರಿದ ರೆಡಿ ಸೆಟ್ ತರಿಸ್ತೀನಿ. ನೀವು ಬೇಜಾರು ಮಾಡ್ಕೋಬಾರ್ದು."

ಮಂಜೂರ್ ಬೇಜಾರು ಮಾಡಿಕೊಳ್ಳಲಿಲ್ಲ. ಪೀಣ್ಯದ ಗುಜರಿಯಲ್ಲಿ, ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಯ ಒಂದು ನಲವತ್ತೆಂಟು ವೋಲ್ಟಿನ ಮೋಟಾರು ಹುಡುಕಿ ತಂದು, ಬಿಚ್ಚಿ, ಹೊಸದಾಗಿ ಸುತ್ತಿದರು. ಹನ್ನೊಂದು ದಿನ ಹಿಡಿಯಿತು. ಭುಜ ನೋಯದಿದ್ದರೆ ಆರು ದಿನದ ಕೆಲಸ. ಆ ದಿನಗಳಲ್ಲಿ ಅವರು ಮನೆಗೆ ಬಂದು ಊಟ ಮಾಡುವಾಗ ಮಾತಾಡುತ್ತಿದ್ದರಂತೆ. ಬಹಳ ದಿನಗಳಿಂದ ಅದು ನಿಂತುಹೋಗಿತ್ತು ಎಂದು ಅಕ್ಬರಿ ಹೇಳಿದರು.

ಮೋಟಾರು ಎಷ್ಟು ಕರೆಂಟು ಎಳೆಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಪಕ್ಕದ ಶೆಡ್ಡಿನ ಪಿಳ್ಳಪ್ಪ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾರೆ. ಅವುಗಳನ್ನು ಮುಳುಗಿಸಿ ಓಡಿಸಿ ನೋಡಲು ಅವರ ಹತ್ತಿರ ಸಿಮೆಂಟಿನ ದುಂಡನೆಯ ತೊಟ್ಟಿ ಇದೆ. ಮಂಜೂರ್ ಕಟ್ಟಿದ ಪಂಪಿನ ಮೋಟಾರುಗಳೆಲ್ಲ ಅದೇ ತೊಟ್ಟಿಯಲ್ಲಿ ಪಾಸಾದವೇ. ದೋಣಿಯ ಮೋಟಾರನ್ನು ತೊಟ್ಟಿಯ ಮೇಲೆ ಕೂರಿಸಿ, ಉದ್ದನೆಯ ಸರಳಿನ ತುದಿಗೆ ನೀರು ತಳ್ಳುವ ಪ್ರೊಪೆಲ್ಲರ್ ಸಿಕ್ಕಿಸಿ, ಅದನ್ನು ಮಾತ್ರ ನೀರಿಗೆ ಇಳಿಸಿ ಅಲ್ಲೇ ಓಡಿಸಿದರು. ಮೀಟರಿನ ಮುಳ್ಳು ಐವತ್ತು ಆಂಪಿಯರ್‌ನಲ್ಲಿ ನಿಂತಿತು. ಆ ಲೆಕ್ಕಕ್ಕೆ ಮನೋಹರ್ ಅವರ ಬ್ಯಾಟರಿ ಆರು ಗಂಟೆ ಬರಬೇಕು.

ಮಂಜೂರ್ ಬಿಲ್ಲಿನ ಜೊತೆ ಗ್ಯಾರಂಟಿ ಕಾರ್ಡು ಕೊಡುವವರಲ್ಲ. ಪರೀಕ್ಷೆಯಲ್ಲಿ ಬಂದ ಅಂಕಿಯನ್ನು ಮೋಟಾರಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ದಾಸರಹಳ್ಳಿ, ಪೀಣ್ಯ ಕಡೆಯ ವರ್ಕ್‌ಶಾಪಿನವರು ಆ ಅಂಕಿ ನೋಡಿದರೆ ಮತ್ತೆ ಮೀಟರು ಹಿಡಿಯುವುದಿಲ್ಲ. ಮಂಜೂರ್ ಐವತ್ತು ಎಂದು ಬರೆದು ಮನೋಹರ್ ಅವರಿಗೆ ಫೋನು ಮಾಡಿದರು.

"ಆರು ಗಂಟೆ ಸಾರ್."

"ಬರೀ ಬ್ಯಾಟರಿಲೇ?"

"ಬರೀ ಬ್ಯಾಟರಿಲೇ."

ನಾಲ್ಕನೇ ದಿನ, ಬೇರಿಂಗಿನ ಸದ್ದು ಸರಿಯಿದೆಯೇ ಎಂದು ಕೇಳಲು ಮಂಜೂರ್ ಮೋಟಾರನ್ನು ಮತ್ತೊಮ್ಮೆ ತೊಟ್ಟಿಯ ಮೇಲಿಟ್ಟು ಓಡಿಸಿದರು. ಪಿಳ್ಳಪ್ಪ ಟೀ ಲೋಟ ಹಿಡಿದು ಬಂದು ಬಗ್ಗಿ ನೋಡಿದರು.

"ಏನ್ ಸಾಬ್ರೇ, ಚಟ್ನಿ ರುಬ್ತಾ ಇದೀರಾ? ನೀರು ಮಿಕ್ಸಿ ಜಾರ್ ಥರ ಸುತ್ತತಾ ಐತಲ್ಲ!"

ಮಂಜೂರ್ ನಕ್ಕರು. ಆಮೇಲೆ ತೊಟ್ಟಿಯನ್ನೇ ನೋಡುತ್ತ ನಿಂತರು. ನೀರೆಲ್ಲ ಪ್ರೊಪೆಲ್ಲರ್ ಜೊತೆಗೇ ಸುತ್ತುತ್ತಿತ್ತು. ಬೋರ್‌ವೆಲ್ ಪಂಪು ನೀರನ್ನು ಪೈಪಿನಿಂದ ಮೇಲಕ್ಕೆ ಎತ್ತುತ್ತದೆ, ತೊಟ್ಟಿಯ ನೀರು ಹೀಗೆ ಸುತ್ತುವುದಿಲ್ಲ. ಪ್ರೊಪೆಲ್ಲರಿಗೆ ತಳ್ಳಲು ನಿಂತ ನೀರು ಬೇಕು. ತನ್ನ ಜೊತೆಗೇ ಓಡುವ ನೀರು ಅದಕ್ಕೆ ಭಾರವೇ ಅಲ್ಲ.

"ಪಿಳ್ಳಪ್ಪ, ಎರಡು ಹಲಗೆ ಕೊಡಪ್ಪ."

ಹಲಗೆಗಳನ್ನು ತೊಟ್ಟಿಯ ಎರಡು ಕಡೆ ಅಡ್ಡ ಇಳಿಸಿ, ಒಂದನ್ನು ಪಿಳ್ಳಪ್ಪ, ಒಂದನ್ನು ಅವರು ಒತ್ತಿ ಹಿಡಿದುಕೊಂಡರು. ನೀರು ಸುತ್ತುವುದು ನಿಂತಿತು. ಮುಳ್ಳು ಏರಿತು. ಅರವತ್ತು, ಎಂಬತ್ತು, ತೊಂಬತ್ತನ್ನು ದಾಟಿ ತೊಂಬತ್ತೆಂಟರಲ್ಲಿ ನಡುಗುತ್ತ ನಿಂತಿತು. ಆರು ಗಂಟೆ ಅಲ್ಲ. ಮೂರು ಗಂಟೆ, ಅದೂ ಎದುರು ಹರಿವು ಇಲ್ಲದಿದ್ದರೆ.

"ದೊಡ್ಡ ತೊಂದ್ರೆನಾ ಸಾಬ್ರೇ?" ಎಂದು ಪಿಳ್ಳಪ್ಪ ಕೇಳಿದರು.

"ದಾರಿಲಿ ನಿಂತ್ರೆ ಆಟೋನ ತಳ್ಕೊಂಡು ಬರಬಹುದು. ನದೀಲಿ ನಿಂತ್ರೆ ನೀರು ಸಮುದ್ರಕ್ಕೆ ಎಳ್ಕೊಂಡ್ ಹೋಗುತ್ತೆ."

ಮನೆಗೆ ಬಂದು ಅವರು ಚಾಪೆ ಮೇಲೆ ಗೋಡೆಗೆ ಒರಗಿ ಕೂತರು. "ಕ್ಯಾ ಹುವಾ ಜೀ, ಏನಾಯ್ತು?" ಎಂದು ಅಕ್ಬರಿ ಕೇಳಿದರು. ಅವರು ವಿಷಯ ಹೇಳಿದರು. ಹೇಳದೆ ಸುಮ್ಮನಿದ್ದರೆ ಮೋಟಾರು ದೋಣಿಯೊಳಗೆ ಕೂರುತ್ತದೆ. ಹೇಳಿದರೆ ಕೊಚ್ಚಿಯ ಸೆಟ್ ಬರುತ್ತದೆ, ಹನ್ನೊಂದು ದಿನದ ಕೆಲಸ ಮತ್ತೆ ಗುಜರಿಗೆ. ಅಕ್ಬರಿ ತುಂಬ ಹೊತ್ತು ಅವರ ಭುಜಕ್ಕೆ ಎಣ್ಣೆ ತಿಕ್ಕಿದರು.

"ಫೋನ್ ಮಾಡಿ ಹೇಳಿಬಿಡಿ," ಎಂದರು.

"ಆರು ಅಂತ ಫೋನಲ್ಲಿ ಹೇಳಿ ತಪ್ಪು ಮಾಡಿದ್ದು. ಮೂರು ಅಂತ ಎದುರಿಗೇ ಹೋಗಿ ಹೇಳ್ಬೇಕು."

ಬೆಳಗ್ಗೆ ಅಂಗಡಿಗೆ ಹೋಗಿ ಮೋಟಾರಿನ ಮೇಲಿದ್ದ ಐವತ್ತನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಬರೆದದ್ದನ್ನು ಹಾಗೆ ಒರೆಸಿದ್ದು ಅದೇ ಮೊದಲು. ಬಸ್ಸು ಬದಲಿಸಿ, ಎರಡನೆಯದರಲ್ಲಿ ನಿಂತೇ ಅಲ್ಲಾಳಸಂದ್ರ ಸೇರಿದರು. ಮನೋಹರ್ ದೋಣಿಯ ಒಳಗೆ ಹಾಸಿಗೆಯ ಹಲಗೆಗೆ ಪಾಲಿಶ್ ಹಾಕುತ್ತಿದ್ದರು. ಅವರ ಹೆಂಡತಿ ಮುನಿಕೃಷ್ಣಮ್ಮ ಚಪ್ಪರದ ಕೆಳಗೆ ಅವರೆಕಾಯಿ ಬಿಡಿಸುತ್ತಿದ್ದರು.

ಮಂಜೂರ್ ಕೂರಲಿಲ್ಲ. ತೊಟ್ಟಿ, ಹಲಗೆ, ಮುಳ್ಳು ಎಲ್ಲವನ್ನೂ ಕ್ರಮವಾಗಿ ಹೇಳಿ, "ಮೂರೇ ಗಂಟೆ ಸಾರ್. ತಪ್ಪು ನಂದೇ," ಎಂದರು.

ಮನೋಹರ್ ಪಾಲಿಶ್ ಬಟ್ಟೆಯನ್ನು ಕೆಳಗೆ ಎಸೆದರು. "ಏನ್ ಭಾಯ್ ಇದು! ಅಷ್ಟು ವರ್ಷ ಸರ್ವಿಸ್ ಇರೋರು! ತೊಟ್ಟಿಲಿ ನೀರು ಸುತ್ತೋದು ಕಣ್ಣಿಗೆ ಕಾಣಲ್ವಾ?"

"ಕಾಣ್ತಿತ್ತು ಸಾರ್. ನಾನು ಮುಳ್ಳು ನೋಡ್ತಿದ್ದೆ."

"ಕೆರೇಲಿ ಇಳಿಸಿ ನೋಡೋಣ ಅಂದ್ರೆ ಪರ್ಮಿಷನ್ ಕೊಡಲ್ಲ. ಈಗ ಹಾಸಿಗೆನೂ ಹೋಯ್ತು. ಬಿಡಿ, ಕೊಚ್ಚಿಗೇ ಫೋನ್ ಮಾಡ್ತೀನಿ."

ಮಂಜೂರ್ ತಲೆಯಾಡಿಸಿ ಚಪ್ಪಲಿ ಹುಡುಕಿದರು. ಆಗ ಮುನಿಕೃಷ್ಣಮ್ಮ ಮಾತಾಡಿದರು.

"ನಿಂತ್ಕಳಿ ಸಾಬ್ರೇ. ಏನ್ರೀ, ಆ ಕೊಚ್ಚಿಯೋನು ಎಷ್ಟು ಗಂಟೆ ಅಂತಾನೆ?"

"ಎಂಟು ಗಂಟೆ ಅಂತ ಪುಸ್ತಕದಲ್ಲಿ ಬರ್ದವ್ರೆ."

"ಅವ್ನು ಯಾವ್ ತೊಟ್ಟೀಲಿ ನೋಡಿದ್ನಂತೆ?"

ಮನೋಹರ್ ಬಗ್ಗಿ ಪಾಲಿಶ್ ಬಟ್ಟೆ ಎತ್ತಿಕೊಂಡರು.

"ತಪ್ಪಾಗೈತೆ ಅಂತ ಬಸ್ ಹತ್ಕೊಂಡ್ ಬಂದು ಹೇಳಿದ ಮೆಕಾನಿಕ್ಕನ್ನ ನಾನು ಇದೇ ಮೊದ್ಲು ನೋಡ್ತಿರೋದು. ಇವರ ಮೋಟಾರೇ ಇರ್ಲಿ. ಹಾಸಿಗೆ ಕಿತ್ತು ಜನರೇಟರ್ ಒಂದು ತಂದಿಡಿ."

"ವಾಂತಿ ಆಗುತ್ತೆ ಅಂತ ನೀನೇ ತಾನೇ ಕಣೇ..."

"ಆದ್ರೆ ಆಗ್ಲಿ. ವಾಂತಿ ಮಾಡ್ಕಂಡಾದ್ರೂ ಮನೆಗೆ ಬರ್ತೀನಲ್ಲ."

ಹಾಗೆ ಆ ದೋಣಿ ಹೈಬ್ರಿಡ್ ಆಯಿತು. ಜನರೇಟರಿಗೆ ಸುತ್ತ ಪೆಟ್ಟಿಗೆ ಕಟ್ಟಿ, ಹೊಗೆ ಕೊಳವೆಯನ್ನು ಹಿಂದಕ್ಕೆ ಕೊಟ್ಟರು. ಡಿಸೆಂಬರಿನಲ್ಲಿ ಅದನ್ನು ಲಾರಿಯ ಮೇಲೆ ಕಾರವಾರಕ್ಕೆ ಕಳುಹಿಸಿದರು. ಭುಜ ನೋಯುತ್ತದೆ, ಬರಲಾರೆ ಎಂದು ಮಂಜೂರ್ ಹೇಳಿದ್ದರು. "ಎಷ್ಟು ಗಂಟೆ ಓಡುತ್ತೆ ಅಂತ ನೀವೇ ನೋಡಿ ಹೇಳ್ಬೇಕು," ಎಂದು ಮನೋಹರ್ ಬಿಡಲಿಲ್ಲ. ಮಂಜೂರ್ ಒಂದು ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಹೋದರು. ಅದಕ್ಕೆ ಮೊದಲು ಅವರು ದೋಣಿ ಹತ್ತಿದವರೇ ಅಲ್ಲ.

ಮೊದಲ ದಿನ ದೂರ ಹೋಗಲಿಲ್ಲ. ಸೇತುವೆಯಿಂದ ಮೇಲಕ್ಕೆ ಸ್ವಲ್ಪ ಹೋಗಿ, ಸಮುದ್ರದ ನೀರು ಇಳಿಯುವ ಹೊತ್ತಿಗೆ ನದಿಯ ಸೆಳೆತಕ್ಕೆ ಎದುರಾಗಿ ಓಡಿಸಿ ನೋಡಿದರು. ಮಂಜೂರ್ ಮೀಟರಿನ ಮುಂದೆ ಕಾಲು ಮಡಚಿ ಕೂತಿದ್ದರು. ಈ ಸಲ ನೀರನ್ನೂ ನೋಡುತ್ತಿದ್ದರು. ದಡದ ಒಂದು ತೆಂಗಿನ ಮರದಿಂದ ಇನ್ನೊಂದನ್ನು ಮುಟ್ಟಲು ಎಷ್ಟು ನಿಮಿಷ ಬೇಕಾಯಿತು ಎಂದು ನೋಡಿ ಬರೆದುಕೊಂಡರು.

"ಎಷ್ಟು ಗಂಟೆ ಭಾಯ್?" ಎಂದು ಮನೋಹರ್ ಕೇಳಿದರು.

"ಇನ್ನೂ ಹೇಳಲ್ಲ ಸಾರ್."

ಮತ್ತೆ ಕೇಳಿದರು. ಮತ್ತೆ ಹೇಳಲಿಲ್ಲ. "ಬಾಯೇ ಬಿಡಲ್ಲ, ಡಾಕ್ಟ್ರಿಗಿಂತ ಕಡೆ ಆದ್ರಲ್ಲ ನೀವು," ಎಂದು ಮನೋಹರ್ ಗೊಣಗಿದರು. ಬ್ಯಾಟರಿ ಅರ್ಧಕ್ಕೆ ಇಳಿದ ಮೇಲೆ ಮಂಜೂರ್ ಚೀಟಿಯನ್ನು ಎರಡು ಸಲ ಓದಿ ತಲೆಯೆತ್ತಿದರು.

"ಸೆಳೆತದ ಎದುರು ಎರಡು ಗಂಟೆ. ನಿಂತ ನೀರಲ್ಲಿ ಮೂರು. ಅದಕ್ಕಿಂತ ಒಂದು ನಿಮಿಷ ಜಾಸ್ತಿನೂ ನಂಬಬೇಡಿ. ಈಗ ಜನರೇಟರ್ ಹಾಕಿ."

ಜನರೇಟರ್ ಗುಡುಗಿತು. ಮುನಿಕೃಷ್ಣಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ದೋಣಿಯ ಮುಂದಿನ ತುದಿಗೆ ಹೋಗಿ ಗಾಳಿಗೆ ಮುಖ ಕೊಟ್ಟು ಕೂತರು. ಮನೋಹರ್ ಚುಕ್ಕಾಣಿಯನ್ನು ದಡದ ಕಡೆಗೆ ತಿರುಗಿಸಿ, ಮತ್ತೇನೋ ಕೇಳಲು ಹಿಂದೆ ನೋಡಿದರು. ಮಂಜೂರ್ ಮೋಟಾರಿನ ಪೆಟ್ಟಿಗೆಗೆ ಒರಗಿ, ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸದೆ ಮನೋಹರ್ ಮುಂದೆ ತಿರುಗಿದರು.