ಅಣ್ಣನ ವೈನ್ ಬಾಟಲಿ

ಟೆಕ್ನಾಲಜಿ ಷೇರುಗಳಲ್ಲಿ ಕೈ ಸುಟ್ಟುಕೊಂಡ ಮೇಲೆ ಅಣ್ಣ ಉಳಿದ ಹಣಕ್ಕೆ ಒಂದು ಹಳೆಯ ಫ್ರೆಂಚ್ ವೈನ್ ಬಾಟಲಿ ಕೊಂಡಿದ್ದ. ಇಟ್ಟಷ್ಟೂ ಬೆಲೆ ಏರುತ್ತದೆ ಎನ್ನುತ್ತಿದ್ದ. ಹೋದ ವರ್ಷ ತೀರಿಕೊಂಡ. ಅದನ್ನು ಮಾರಿಕೊಡಲು ಅತ್ತಿಗೆ ನನಗೆ ಹೇಳಿದರು.

ಕೂನೂರಿನ ಟೀ ಫ್ಯಾಕ್ಟರಿಯಲ್ಲಿ ಹರಾಜಿಗೆ ಸ್ಯಾಂಪಲ್ ಕಳಿಸುತ್ತಲೇ ಮುದುಕನಾದವನು ನಾನು. ರುಚಿ ನೋಡದೆ ಯಾವ ದಡ್ಡ ಕೊಳ್ಳುತ್ತಾನೆ ಎಂದುಕೊಂಡು ಬಿರಡೆ ತೆಗೆದೆ. ಸಣ್ಣ ಸೀಸೆಯೊಂದಕ್ಕೆ ಬಗ್ಗಿಸಿ, ಕೊಳ್ಳಲು ಒಪ್ಪಿದ್ದ ಬೆಂಗಳೂರಿನ ವ್ಯಾಪಾರಿಗೆ ಕಳಿಸಿದೆ.

“ತೆರೆದ ಬಾಟಲಿಗೆ ಬೆಲೆ ಇಲ್ಲ ಸಾರ್,” ಎಂದು ಅವನು ಫೋನಿಟ್ಟ.

ಅತ್ತಿಗೆ ಬೈಯಲಿಲ್ಲ. ಉಳಿದದ್ದನ್ನು ಟೀ ಲೋಟಕ್ಕೆ ಸುರಿದುಕೊಂಡು ಒಂದು ಗುಟುಕು ಕುಡಿದರು.

“ಬರೀ ಹುಳಿ,” ಎಂದರು. “ನಿಮ್ಮಣ್ಣನಿಗೆ ಗೊತ್ತಾಗದೇ ಹೋದದ್ದೇ ಒಳ್ಳೇದಾಯ್ತು.”