ಪಂಪು ಕೆಳಗಿಳಿಸಿದ ದಿನ

ಹ್ವಾದ ಮಳಿಗಾಲದಾಗ ಹೊಳಿ ಏರಿದಾಗ ನಮ್ಮ ಮನಿಯವರು ಪಂಪು ಬಿಚ್ಚಿ ತರಾಕ ದಂಡಿ ಇಳದಿದ್ರು. ಪಂಪಿಗೆ ಹಗ್ಗಾ ಕಟ್ಟಿ ತುದಿ ದಂಡಿ ಮ್ಯಾಲಿದ್ದ ತಮ್ಮನ ಕೈಗೆ ಎಸದ್ರು. ಅಂವ ಎಳಕೊಂಡ. ಅಷ್ಟರಾಗ ಅವರ ಕಾಲ ಕೆಳಗಿನ ಮಣ್ಣು ಕುಸೀತು. ಪಂಪು ಮ್ಯಾಲೆ ಬಂತು, ಅವರು ಬರಲಿಲ್ಲ.

ನನಗ ಅಳು ಬರಲಿಲ್ಲ. ಘೋಡಗೇರಿ ಕಡೆ ಬಳಗದವರೆಲ್ಲಾ ಬಂದು ಭುಜಾ ಅಲುಗ್ಯಾಡಿಸಿ, "ಒಂದ ಸಲ ಅತ್ತುಬಿಡವ್ವಾ" ಅಂದ್ರು. ಎಲ್ಲಿಂದ ತರ್ಲಿ? ಒಳಗ ಏನೂ ಇರಲಿಲ್ಲ. ರೊಟ್ಟಿ ಬಡಿತಿದ್ದೆ, ಎಮ್ಮಿ ಹಿಂಡತಿದ್ದೆ, ಮಂದಿ ಮಾರಿ ನೋಡಿ ಹೂಂ ಅಂತಿದ್ದೆ.

ನೆರಿ ಇಳದ ಮ್ಯಾಲೆ ನಮ್ಮತ್ತಿ ಕಡ್ಡಿ ಮುರದಂಗ ಹೇಳಿದ್ರು, "ಆ ದಂಡಿ ಕೆಳಗ ನಮ್ಮ ಮನಿ ಮಂದಿ ಇನ್ನ ಇಳಿಬಾರದು." ಅವರಿಗೆ ಉಳದಾಂವ ಒಬ್ಬನ ಮಗ, ನನ್ನ ಮೈದುನ. ಅಂವ ಪಂಪನ್ನ ದಂಡಿ ಮ್ಯಾಲಿನ ಬೇವಿನ ಗಿಡದ ಬುಡಕ್ಕ ಕೂಡ್ರಿಸಿ, ಅಲ್ಲಿಂದನ ಉದ್ದನ್ನ ಪೈಪು ಹೊಳಿಗೆ ಬಿಟ್ಟ. ಹೊಳಿ ತುಂಬಿರೋತನಕ ನೀರು ಬಂತು. ಬ್ಯಾಸಿಗಿಗೆ ಹೊಳಿ ತಳಾ ಹಿಡೀತು ನೋಡ್ರಿ, ಪಂಪು ಗುಂಯ್ ಅಂತ ಬರೇ ತಿರಗತಿತ್ತು. ಹೊಲದಾಗ ಕಬ್ಬಿನ ಎಲಿ ಸುರುಳಿ ಸುತ್ತಾಕ ಹತ್ತಿದ್ವು.

"ವೈನಿ, ಫುಟ್‌ವಾಲ್ವ್ ಸೋರಾಕತ್ತೇತ್ರಿ" ಅಂದ ಮೈದುನ. ಪೈಪಿನ ತಳದಾಗಿನ ಆ ಮುಚ್ಚಳಾ ಸೋರಿದ್ರ, ನಾವು ತುಂಬಿಸಿದ ನೀರು ವಾಪಸ್ ಹೊಳಿಗೆ ಹೋಗತೈತಿ. ಅದಕ್ಕ ನಮ್ಮ ಕಡೆ ಒಂದ ಔಷಧ ಐತಿ, ಸಗಣಿ ರಾಡಿ. ಪಂಪಿನ ಬಾಯಾಗ ಸುರದ್ರ ತಳಕ್ಕ ಹೋಗಿ ಸಂದು ಮುಚ್ಚತೈತಿ. ಕೊಡದ ಮ್ಯಾಲೆ ಕೊಡಾ ಸುರದೆ. ಸೀರಿಯೆಲ್ಲಾ ರಾಡಿ. ನೀರೆಲ್ಲಿದು! ಮೈದುನ ಗೋಕಾಕಕ್ಕ ಹೋಗಿ ಹೊಸಾ ವಾಲ್ವ್ ತಂದು, ಪೈಪು ಮ್ಯಾಲೆ ಎಳದು ಹಾಕಿದ. ಅದೂ ಅಷ್ಟ.

ಆವಾಗ ನಮ್ಮ ಮನಿಯವರ ಮಾತು ನೆನಪಾತು. ಒಂದ ಸಲ ಪಂಪು ಬಿಚ್ಚಿ ಒಳಗಿನ ಚಕ್ರಾ ತೋರ್ಸಿದ್ರು. ಒದ್ದಿ ಟಾವೆಲ್ ಗಿರಗಿರ ತಿರವಿದ್ರ ಹನಿ ಹೊರಗ ಸಿಡಿತಾವಲ್ಲ, ಹಂಗ ಅದು ಹೊಟ್ಟ್ಯಾಗಿನ ನೀರನ್ನ ಅಂಚಿಗೆ ಬೀಸಿ ಪೈಪಿಗೆ ನೂಕತೈತಂತ. ನಡುವ ಖಾಲಿ ಆದ ಜಾಗಾಕ್ಕ ಹೊಳಿ ನೀರು ಏರತೈತಿ. ಹೊಟ್ಟ್ಯಾಗ ಗಾಳಿ ಇದ್ರ ಬೀಸಾಕ ಏನೂ ಸಿಗೂದಿಲ್ಲ, ಅದಕ್ಕ ಮೊದಲ ನೀರು ತುಂಬಬೇಕು. ಗೋಕಾಕದಾಗ ಮನಿ ಮ್ಯಾಲಿನ ಟಾಕಿಗೂ, ಸಕ್ಕರಿ ಕಾರ್ಖಾನಿಗೂ ಇದ ಜಾತಿ ಪಂಪು. "ಎಷ್ಟ ಎತ್ತರಕ್ಕ ಬೇಕಾದ್ರೂ ನೂಕತೈತಿ. ಆದ್ರ ಕೆಳಗಿಂದ ಎಳಕೋ ಅಂದ್ರ ನಾಕಾಳ ಎತ್ತರಕ್ಕ ಸಾಕಾಗತೈತಿ ಇದಕ್ಕ, ಮಹಾ ಮೈಗಳ್ಳ" ಅಂತ ನಗತಿದ್ರು. ನೀರಿನ ಬಾಜೂಕ ಇದ್ರನ ಅದರ ಆಟ. ಈಗ ಬೇವಿನ ಗಿಡದ ಬುಡದಿಂದ ನೀರು ಆರಾಳ ಕೆಳಗ ಇತ್ತು.

"ಅತ್ತಿ, ಪಂಪು ಕೆಳಗ ಇಳಸಬೇಕ್ರಿ. ಬ್ಯಾರೆ ದಾರಿ ಇಲ್ಲ" ಅಂದೆ.

ಬೈತಾರಂತ ತಿಳದಿದ್ದೆ. ಬೈಲಿಲ್ಲ. ಎದ್ದು ಸೆರಗು ಹೊತ್ತು ನಮಗಿಂತ ಮುಂದ ಹೊಳಿಗೆ ನಡದ್ರು. ಪಂಪು ಎಳದಿದ್ದ ಅದ ಹಗ್ಗಾ ಬೇವಿನ ಗಿಡಕ್ಕ ಸುತ್ತಿತ್ತು. ಅದನ್ನ ಮಗನ ನಡಕ್ಕ ಕಟ್ಟಿದ್ರು, ಎರಡೆರಡ ಗಂಟು. ಹೊಳಿ ಮೊಣಕಾಲ ಮಟಾ ಇತ್ತು. ಆದ್ರೂ ಕಟ್ಟಿದ್ರು.

ಮೈದುನ ಇಳಸಿದ ಪಂಪು ನಮ್ಮ ಮನಿಯವರು ಇಡತಿದ್ದ ಕಲ್ಲಿನ ಮ್ಯಾಲೆನ ಕುಂತಿತು. ನಾನು ಕೊಡಾ ತಗೊಂಡು ಇಳದೆ. ಅವರು ಹೋದ ಜಾಗಾ ಅದು. ಏನರ ಆಗತೈತಿ ಅಂದಕೊಂಡೆ, ಏನೂ ಆಗಲಿಲ್ಲ. ಬರೇ ಮಣ್ಣು, ಕಲ್ಲು. ಗುಳ್ಳಿ ನಿಲ್ಲೂತನಕ ನೀರು ಸುರದು ಪಂಪಿನ ಬಾಯಿ ಬಿಗದೆ. ಮೈದುನ ಬಟನ್ ಒತ್ತಿದ. ಪೈಪು ನಡಗಿತು, ಮ್ಯಾಲೆ ಕಾಲುವ್ಯಾಗ ನೀರು ಬಿದ್ದ ಸಪ್ಪಳ ಬಂತು.

ಅತ್ತಿ ಪಂಪನ್ನ ನೋಡಕೋತ ಹೇಳಿದ್ರು, "ಈ ಸಲ ಹೊಳಿ ಏರಿದ್ರ ಇದನ್ನ ತರಾಕ ಯಾರೂ ಇಳಿಬ್ಯಾಡ್ರಿ. ಹೊಳಿ ಒಯ್ದ್ರ ಒಯ್ಯಲಿ ಸುಡಗಾಡ ಪಂಪು."

ಹ್ವಾದ ಮಳಿಗಾಲದಾಗ ಅವರು ಇಳಿಯೂ ಮುಂದ ಈ ಮಾತು ನಮ್ಮ ಮನ್ಯಾಗ ಯಾರ ಬಾಯಾಗೂ ಬರಲಿಲ್ಲ. ಕೊಡಾ ಅಲ್ಲೇ ಬಿಟ್ಟು, ರಾಡ್ಯಾಗ ಕುಂತು ಅಳಾಕ ಹತ್ತಿದೆ.