ನಸ್ರೀನಳ ಮನೆಯ ಮಾತು ನಿಲ್ಲಿಸಿದವಳು

ನಸ್ರೀನ್, ನಿನ್ನ ಅಮ್ಮಿ ನಿನ್ನೊಡನೆ ಮಾತು ಬಿಟ್ಟದ್ದು ನನ್ನಿಂದ. ಆಕೆಯ ಮೌನವನ್ನು ನೀನು ಸಿಟ್ಟೆಂದೋ ಬೇಸರವೆಂದೋ ತಿಳಿದಿರಬಹುದು. ಅದು ನಾನು ಹೇಳಿಕೊಟ್ಟದ್ದು.

ಮಾನ್ವಿಯಲ್ಲಿ ನನ್ನ ಅಂಗನವಾಡಿಗೆ ಬರುವಾಗ ನಿನಗೆ ನಾಲ್ಕು ವರ್ಷ. ನಿನಗಿಂತ ಮೊದಲು ನಿನ್ನ ಮಾತು ಒಳಗೆ ಬರುತ್ತಿತ್ತು — ಬೆಕ್ಕು ಮರಿ ಹಾಕಿದ್ದು, ಅಬ್ಬಾನ ಬಳೆಗಾಡಿಯ ಚಕ್ರ ಕಳಚಿದ್ದು — ಎಲ್ಲ ನಿಮ್ಮ ಮನೆಮಾತಾದ ದಖ್ಖನಿ ಉರ್ದುವಿನಲ್ಲಿ, ನಡುವೆ ಒಂದೆರಡು ಕನ್ನಡ ಪದ. ಒಂದು ದಿನ ಮೇಲ್ವಿಚಾರಕಿ ಬಂದು ಹಣ್ಣುಗಳ ಚಿತ್ರ ತೋರಿಸಿ ಹೆಸರು ಕೇಳಿದರು. ನೀನು ಎಲ್ಲಕ್ಕೂ ದಖ್ಖನಿಯಲ್ಲೇ ಹೆಸರು ಹೇಳಿದೆ.

"ಈಕಿಗೆ ಏನೂ ಕಲಿಸಿಲ್ಲೇನು?" ಎಂದರು ಅವರು. ನನಗೆ ಅವಮಾನವಾಯಿತು. ನಿನಗೆ ಎಲ್ಲವೂ ಗೊತ್ತಿತ್ತು ಎಂಬುದು ಮಾತ್ರ — ಹೊಳೆಯಲಿಲ್ಲ.

ನಿನ್ನನ್ನು ಕರೆದೊಯ್ಯಲು ಬಂದ ಅಮ್ಮಿಯನ್ನು ಬಾಗಿಲಲ್ಲೇ ತಡೆದೆ. "ಶಮೀಮ್, ಮನ್ಯಾಗ ನಿಮ್ಮ ಮಾತು ಬಂದ್ ಮಾಡ್ರಿ. ಕನ್ನಡ ಅಷ್ಟ ಆಡ್ರಿ. ಬರಲಿಲ್ಲಂದ್ರ ಸುಮ್ನಿರ್ರಿ."

"ಸುಮ್ನಿದ್ರ ಹುಡುಗಿ ಶ್ಯಾಣ್ಯಾಕಿ ಆಗ್ತಾಳೇನ್ರಿ, ಅಕ್ಕೋರ?"

"ಆಗ್ತಾಳ."

ಅಮ್ಮಿಗೆ ಬರುತ್ತಿದ್ದ ಕನ್ನಡವಾದರೂ ಎಷ್ಟು? ಬಾ, ಉಣ್ಣು, ಮಲಕ್ಕೋ. ಕಥೆ, ಜೋಗುಳ, ಬೈಗುಳ ಸಹ ನಿಂತುಹೋದವು. ಮಳೆಗಾಲ ಮುಗಿಯುವಷ್ಟರಲ್ಲಿ ನೀನು ಗೋಡೆಗೆ ಒರಗಿ ಕೂರತೊಡಗಿದೆ. ಏನನ್ನೂ ಕೇಳುತ್ತಿರಲಿಲ್ಲ. ಕರೆದರಷ್ಟೇ ಆಟಕ್ಕೆ ಬರುತ್ತಿದ್ದೆ. ನಾನೋ — "ನೋಡ್ರಿ, ನಸ್ರೀನ್ ಎಷ್ಟ್ ಶಾಂತ ಕುಂತಾಳ" ಎಂದು ಉಳಿದ ಮಕ್ಕಳಿಗೆ ನಿನ್ನನ್ನು ತೋರಿಸಿದೆ.

ಅದೇ ವರ್ಷ ರಾಯಚೂರಿನಲ್ಲಿ ತರಬೇತಿ ನಡೆಯಿತು. ಎಳೆ ಮಕ್ಕಳ ಮಿದುಳು ಬೆಳೆಯುವುದೇ ಮಾತು ಆಡಿ, ಆಡಿಸಿಕೊಂಡು. ತಾಯಿ ತನ್ನ ಭಾಷೆಯಲ್ಲೇ ಧಾರಾಳವಾಗಿ ಮಾತಾಡಲಿ, ಮುಂದಿನ ಭಾಷೆಗೆ ಅದೇ ನೆಲೆ ಎಂದರು. ಮಾನ್ವಿಗೆ ಬಂದವಳೇ ನಿಮ್ಮ ಓಣಿಗೆ ನಡೆದೆ. ಅಮ್ಮಿ ಅಕ್ಕಿ ಆರಿಸುತ್ತಿದ್ದಳು. "ಬರ್ರಿ ಅಕ್ಕೋರ" ಎಂದಳು. ತಪ್ಪು ಒಪ್ಪಿಕೊಂಡರೆ ಓಣಿಯಲ್ಲಿ ನಾಳೆ ನನ್ನ ಮಾತನ್ನು ಯಾರು ಕೇಳುತ್ತಾರೆ ಎಂದು ಹೆದರಿ — ಪೋಲಿಯೋ ಹನಿ ಹಾಕುವ ದಿನವನ್ನಷ್ಟೇ ತಿಳಿಸಿ ಮರಳಿಬಿಟ್ಟೆ. ಮುಂದೆ ನೀವು ದೇವದುರ್ಗಕ್ಕೆ ಹೋದಿರಿ. ನನಗೆ — ಹೌದು — ಹಗುರವೆನಿಸಿತು.

ಹೋದ ವಾರ ದೇವದುರ್ಗದ ಬಸ್ ನಿಲ್ದಾಣದಲ್ಲಿ ನೀವು ಸಿಕ್ಕಿರಿ. ಅಮ್ಮಿಯ ಸೊಂಟದಲ್ಲಿ ನಿನ್ನ ಪುಟ್ಟ ತಂಗಿ. ನೀನು ನನ್ನೆತ್ತರ ಬೆಳೆದಿದ್ದೆ. ಎಷ್ಟನೇ ತರಗತಿ ಎಂದು ಕೇಳಿದರೆ ಅಮ್ಮಿಯ ಮುಖ ನೋಡಿದೆ, ಆಮೇಲೆ ನೀರು ತರುವ ನೆಪದಲ್ಲಿ ಸರಿದುಹೋದೆ.

"ನೀವು ಹೇಳಿದ್ದು ಮರ್ತಿಲ್ರಿ ಅಕ್ಕೋರ," ಅಮ್ಮಿ ಹೆಮ್ಮೆಯಿಂದಲೇ ಹೇಳಿದಳು. "ಈ ಸಣ್ಣಾಕಿ ಜೋಡಿನೂ ನಮ್ಮ ಮಾತು ಆಡಂಗಿಲ್ಲ ನಾ."

"ಆಡ್ರಿ, ಶಮೀಮ್. ನಿಮ್ಮ ಮಾತಿನ್ಯಾಗ ಆಡ್ರಿ. ನಾ ಹೇಳಿದ್ದು ತಪ್ಪು."

ಆಕೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಯಾವಾಗ ಗೊತ್ತಾತ್ರಿ ನಿಮಗ?"

"ಅದ ವರ್ಷ."

ಆಕೆ ಮಗುವನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದಳು. ನೀನು ಬಾಟಲಿ ಹಿಡಿದು ಓಡಿಬಂದೆ. ಬಸ್ಸು ಹೊರಟಾಗ ಏನೊಂದೂ ತಿಳಿಯದೆ ಕಿಟಕಿಯಿಂದ ನನಗೆ ಕೈಬೀಸಿದೆ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಕ್ಷಮೆ ಕೇಳಲು ಅಲ್ಲ. ಇಷ್ಟು ವರ್ಷ ನಿನ್ನಲ್ಲೇ ಏನೋ ಕೊರತೆಯಿದೆ ಎಂದು ನೀನು ನಂಬಿದ್ದರೆ — ಅದು ನಿನ್ನದಲ್ಲ, ನನ್ನದು ಎಂದು ನಿನ್ನೆದುರು ನಿಂತು ಹೇಳಲು.